ನಲವತ್ತೈದು ಸ್ಯಾಂಪಲ್, ಒಂಬತ್ತು ಕಡಲತೀರ

ಅಲೈನ್ ಝೂರ್, ಎಲೆನಾ ಇಯೆನೊ ಮತ್ತು ಮೂವರು ಸಹಲೇಖಕರ 'ಮಿಕ್ಸ್ಡ್ ಎಫೆಕ್ಟ್ಸ್ ಮಾಡೆಲ್ಸ್ ಅಂಡ್ ಎಕ್ಸ್‌ಟೆನ್ಶನ್ಸ್ ಇನ್ ಇಕಾಲಜಿ ವಿತ್ ಆರ್' ಗ್ರಂಥವನ್ನು ಸ್ಪ್ರಿಂಗರ್ ಸಂಸ್ಥೆ 2009ರಲ್ಲಿ ಪ್ರಕಟಿಸಿತು. ಶೀರ್ಷಿಕೆಯಲ್ಲಿ ಕಡಲಿನ ಸುಳಿವಿಲ್ಲ. ಒಳಗೆ ಗೂಬೆ, ಕೊಆಲಾಗಳೂ ಇವೆ. ಆದರೂ ಅದರ ಗಟ್ಟಿ ಅಧ್ಯಾಯಗಳಲ್ಲಿ ಹಲವು ಉಪ್ಪುನೀರಿನವೇ. ಪದವಿ ತರಗತಿಯಲ್ಲಿ ಕಲಿತ ರಿಗ್ರೆಶನ್ ಕಡಲ ದತ್ತಾಂಶದ ಮುಂದೆ ಏಕೆ ಸೋಲುತ್ತದೆ ಎಂಬುದನ್ನು ಇಷ್ಟು ಬಿಡಿಸಿ ತೋರಿಸಿದ ಪಠ್ಯಗಳು ಕಡಿಮೆ.

ಐದನೆಯ ಅಧ್ಯಾಯದ ಡಚ್ ಕರಾವಳಿಯ ಉದಾಹರಣೆ ಇಡೀ ಪುಸ್ತಕದ ತಿರುಳು. ಒಂಬತ್ತು ಕಡಲತೀರಗಳಲ್ಲಿ, ಪ್ರತಿಯೊಂದರ ಐದು ಜಾಗಗಳಿಂದ ಮರಳು ತೆಗೆದು, ಅದರಲ್ಲಿದ್ದ ಜೀವಿಗಳ ಪ್ರಭೇದಗಳನ್ನು ಎಣಿಸಲಾಗಿತ್ತು. ಒಟ್ಟು 45 ಸ್ಯಾಂಪಲ್. ಉಬ್ಬರವಿಳಿತದ ಸರಾಸರಿ ಮಟ್ಟದಿಂದ ಜಾಗ ಎತ್ತರವಾದಷ್ಟೂ ಪ್ರಭೇದಗಳು ಕಡಿಮೆಯಾಗುತ್ತವೆ. ಒಂದು ಮೀಟರಿಗೆ ಸುಮಾರು ಎರಡೂವರೆ ಪ್ರಭೇದದಷ್ಟು. ಇಳಿಕೆ ಇದೆ ಎಂಬುದನ್ನು ಸಾಧಾರಣ ರಿಗ್ರೆಶನ್ ಕೂಡ ಹೇಳುತ್ತದೆ. ತೊಡಕಿರುವುದು ಬೇರೆಡೆ. ಒಂದೇ ತೀರದ ಐದು ಜಾಗಗಳು ಒಂದೇ ಅಲೆ, ಒಂದೇ ಮರಳು, ಒಂದೇ ಇಳಿಜಾರನ್ನು ಹಂಚಿಕೊಂಡಿವೆ. ಅವನ್ನು ಐದು ಸ್ವತಂತ್ರ ಸಾಕ್ಷಿಗಳೆಂದು ಎಣಿಸುವಂತಿಲ್ಲ. ತೀರಕ್ಕೊಂದು ಯಾದೃಚ್ಛಿಕ ಪರಿಣಾಮ ಸೇರಿಸಿದ ಮಿಶ್ರ ಮಾದರಿಯಲ್ಲಿ, ಒಂದೇ ತೀರದ ಅಳತೆಗಳ ನಡುವಿನ ಸಹಸಂಬಂಧ 0.48 ಎಂದು ಸಿಗುತ್ತದೆ. ಲೇಖಕರು ಅಲ್ಲಿಗೆ ನಿಲ್ಲದೆ ಆ ಸಂಖ್ಯೆಯ ಬೆಲೆ ಕಟ್ಟುತ್ತಾರೆ: 1 + 4 × 0.48 (ತೀರಕ್ಕೆ ಐದು ಅಳತೆ, ಅದರಲ್ಲಿ ಒಂದು ಕಳೆದು ನಾಲ್ಕು) ಅಂದರೆ 2.92, ಅದರಿಂದ 45ನ್ನು ಭಾಗಿಸಿದರೆ ಉಳಿಯುವುದು ಸುಮಾರು 15. ನಲವತ್ತೈದು ಕಡೆ ಅಗೆದವರ ಕೈಯಲ್ಲಿ ಹದಿನೈದರಷ್ಟೇ ಮಾಹಿತಿ! ಇದೇ ಮಾದರಿಯ ಇನ್ನೊಂದು ಚರವಾದ ಅಲೆಗಳ ಹೊಡೆತದ ಸೂಚ್ಯಂಕದ ಗತಿ ಇನ್ನೂ ಕಷ್ಟ. ಅದು ತೀರಕ್ಕೊಂದೇ ಆದ್ದರಿಂದ ಅದರ ಮಟ್ಟಿಗೆ ಇರುವುದು ಒಂಬತ್ತೇ ಅಳತೆ. 1984ರಲ್ಲಿ ಪರಿಸರವಿಜ್ಞಾನಿ ಹರ್ಲ್‌ಬರ್ಟ್ ಹುಸಿ ಪುನರಾವರ್ತನೆ ಎಂದು ಎಚ್ಚರಿಸಿದ ದೋಷ ಇದೇ. ಸೂತ್ರವನ್ನು ಉರು ಹೊಡೆದ ವಿದ್ಯಾರ್ಥಿಗೆ ಅದರ ಅರ್ಥ ಹೊಳೆಯುವುದು ಇಂಥ ಲೆಕ್ಕದಲ್ಲಿ.

ನಾಲ್ಕನೆಯ ಅಧ್ಯಾಯದ ಸ್ಕ್ವಿಡ್‌ಗಳದ್ದು ಇನ್ನೊಂದು ಪಾಠ. ದೇಹ ದೊಡ್ಡದಾದಂತೆ ವೃಷಣದ ತೂಕವೂ ಏರುತ್ತದೆ, ತೂಕಗಳ ಚದುರುವಿಕೆಯೂ ಹಿಗ್ಗುತ್ತದೆ. ಲಾಗರಿದಂ ತೆಗೆದು ಈ ಹಿಗ್ಗನ್ನು ಅಡಗಿಸುವುದು ರೂಢಿ. ಲೇಖಕರು ಅದನ್ನು ಒಪ್ಪುವುದಿಲ್ಲ. ಚದುರುವಿಕೆಯೂ ಜೀವವಿಜ್ಞಾನವೇ, ಅದನ್ನೂ ಮಾದರಿಯೊಳಗೆ ತರಬೇಕು ಎನ್ನುವುದು ಅವರ ನಿಲುವು.

ಹನ್ನೊಂದನೆಯ ಅಧ್ಯಾಯ ಸೊನ್ನೆಗಳದ್ದು. ಕಾಡ್ ಮೀನಿನ ಪರಾವಲಂಬಿಗಳನ್ನು ಎಣಿಸಿದಾಗ ಬರುವ ರಾಶಿ ಸೊನ್ನೆಗಳಲ್ಲಿ ಯಾವುದು ನಿಜ, ಯಾವುದು ಹುಸಿ ಎಂಬ ವಿಂಗಡಣೆ ಅಲ್ಲಿದೆ. ಕರ್ನಾಟಕದ ಕರಾವಳಿಯ ಮೀನುಗಾರಿಕೆ ಅಂಕಿಅಂಶ ನೋಡುವವರಿಗೆ ಇದು ನೇರವಾಗಿ ಬೇಕಾದ ವಿಷಯ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ದೋಣಿಗಳಿಗೆ 61 ದಿನಗಳ ನಿಷೇಧ. ಆ ಅವಧಿಯ ಟ್ರಾಲ್ ದೋಣಿಗಳ ಕಾಲಂನಲ್ಲಿ ಸೊನ್ನೆ ಬರೆದರೆ ಮೀನಿಲ್ಲವೆಂದಲ್ಲ, ಬಲೆ ಇಳಿದಿಲ್ಲವೆಂದು. ಅದೇ ಮಳೆಗಾಲದಲ್ಲಿ ನಾಡದೋಣಿ ಖಾಲಿ ಮರಳಿದರೆ ಆ ಸೊನ್ನೆಯ ಅರ್ಥವೇ ಬೇರೆ. ಎರಡನ್ನೂ ಒಂದೇ ಪಟ್ಟಿಗೆ ತುಂಬಿದ ಮೇಲೆ ಎಂಥ ಮಾದರಿಯೂ ಅವನ್ನು ತಾನಾಗಿ ಬೇರ್ಪಡಿಸಲಾರದು.

ಪುಸ್ತಕದ ದುರ್ಬಲ ಭಾಗವೆಂದರೆ ಅದರ ಅತ್ಯಂತ ಜನಪ್ರಿಯ ಭಾಗವೇ. ಮೊದಲು ಬೇಕಾದ್ದು ಬೇಡದ್ದು ಎಲ್ಲವನ್ನೂ ಹಾಕಿದ ಮಾದರಿ, ನಂತರ ಯಾದೃಚ್ಛಿಕ ಭಾಗದ ಆಯ್ಕೆ, ಆಮೇಲೆ ಅನಗತ್ಯ ಚರಗಳನ್ನು ಒಂದೊಂದಾಗಿ ಕೈಬಿಡುವುದು: ಹೀಗೊಂದು ಮೆಟ್ಟಿಲುಕ್ರಮವನ್ನು ಲೇಖಕರು ಕೊಡುತ್ತಾರೆ. ಕಲಿಯುವವರಿಗೆ ಅದು ಊರುಗೋಲು. ಆದರೆ ದತ್ತಾಂಶವನ್ನೇ ಕೇಳಿ ಚರಗಳನ್ನು ಆರಿಸಿ, ಅದೇ ದತ್ತಾಂಶದಿಂದ ಪಿ-ಮೌಲ್ಯ ಪಡೆದರೆ ಆ ಮೌಲ್ಯ ಉಬ್ಬಿದ ಭರವಸೆಯನ್ನು ಕೊಡುತ್ತದೆ. ಹಂತಹಂತದ ಆಯ್ಕೆಯ ಈ ಕೇಡನ್ನು ವಿಟ್ಟಿಂಗ್‌ಹ್ಯಾಮ್ ಮತ್ತು ಸಂಗಡಿಗರು 2006ರಲ್ಲೇ ಪರಿಸರವಿಜ್ಞಾನಿಗಳ ಮುಂದಿಟ್ಟಿದ್ದರು. ಪ್ರಶ್ನೆಯನ್ನು ಮೊದಲೇ ನಿಗದಿ ಮಾಡಿಕೊಂಡ ಸಂಶೋಧಕರಿಗೆ ಚರಗಳನ್ನು ಕೈಬಿಡುವ ತರಾತುರಿ ಇರುವುದಿಲ್ಲ. ಈ ಮಾತಿಗೆ ಪುಸ್ತಕ ಕೊಡಬೇಕಾದಷ್ಟು ಒತ್ತು ಕೊಟ್ಟಿಲ್ಲ. ಇನ್ನೊಂದು ಕೊರತೆಯೂ ಇದೆ. ಡಚ್ ತೀರದ ಪ್ರಭೇದಗಳ ಸಂಖ್ಯೆಗಳು ಎಣಿಕೆಗಳು, ಋಣಸಂಖ್ಯೆಯಾಗಲಾರವು. ಆದರೂ ಐದನೆಯ ಅಧ್ಯಾಯದಲ್ಲಿ ಅವನ್ನು ಗೌಸಿಯನ್ ಹಂಚಿಕೆಗೆ ಹೊಂದಿಸಲಾಗಿದೆ. ಎಣಿಕೆಗೆ ಒಪ್ಪುವ ಪಾಯ್ಸಾನ್ ಹಂಚಿಕೆ ಬರುವುದು ಇನ್ನೂ ಮೂರು ಅಧ್ಯಾಯ ಕಳೆದ ಮೇಲೆ. ಬೋಧನೆಯ ಅನುಕೂಲಕ್ಕಾಗಿ ಮಾಡಿಕೊಂಡ ಈ ರಾಜಿಯನ್ನೇ ನಕಲು ಮಾಡಿ ಪ್ರಬಂಧಕ್ಕೆ ಇಳಿಸುವವರಿದ್ದಾರೆ.

ಪುಸ್ತಕದಲ್ಲಿರುವ ಆರ್ ಭಾಷೆಯ ಕೋಡ್‌ಗೂ ವಯಸ್ಸಾಗಿದೆ. ಸೊನ್ನೆ ಹೆಚ್ಚಿರುವ ಎಣಿಕೆಗಳಿಗೆ ಯಾದೃಚ್ಛಿಕ ಪರಿಣಾಮವನ್ನೂ ಸೇರಿಸಲು ಆಗ ಸರಾಗ ಸಾಧನವಿರಲಿಲ್ಲ. 2017ರಲ್ಲಿ ಪರಿಚಯವಾದ ಜಿಎಲ್‌ಎಂಎಂಟಿಎಂಬಿ ಪ್ಯಾಕೇಜ್ ಅದನ್ನು ಒಂದು ಸಾಲಿನ ಕೆಲಸವಾಗಿಸಿದೆ. ಲೇಖಕರೇ ತಮ್ಮ ನಂತರದ ಪುಸ್ತಕಗಳಲ್ಲಿ ಬೇಯ್ಸಿಯನ್ ವಿಧಾನಗಳತ್ತ ಸರಿದರು. ಹೊಸದಾಗಿ ಕಲಿಯುವವರು ಝೂರ್, ಇಯೆನೊ, ಎಲ್ಫಿಕ್ ಅವರ 2010ರ ದತ್ತಾಂಶ ಪರಿಶೀಲನೆಯ ಲೇಖನವನ್ನು ಮೊದಲು ಓದಿ, ಆಮೇಲೆ ಈ ಗ್ರಂಥದ ನಾಲ್ಕು, ಐದನೆಯ ಅಧ್ಯಾಯಗಳಿಗೆ ಬರುವುದು ಒಳ್ಳೆಯದು. ಹನ್ನೊಂದನೆಯದರಲ್ಲಿ ವಿಚಾರವನ್ನಷ್ಟೇ ತೆಗೆದುಕೊಂಡು ಕೋಡನ್ನು ಹೊಸದಾಗಿ ಬರೆದುಕೊಳ್ಳಬೇಕು.