ಗೋಧಿ ಮೊಳಕೆಗೊಂದು ಟೋಪಿ

ನವರಾತ್ರಿಗೆ ಘಟ ಇಟ್ಟು ಗೋಧಿ ಬಿತ್ತುವ ಮನೆಯವರೆಲ್ಲ ಇದನ್ನು ಕಂಡೇ ಇರುತ್ತಾರೆ. ದೇವರಕೋಣೆಯ ಅರೆಗತ್ತಲಲ್ಲಿ ಎದ್ದ ತೆಳುಹಳದಿ ಸಸಿಗಳು ಬೆಳಕು ಬರುವ ಕಡೆಗೆ ಒಟ್ಟಾಗಿ ವಾಲಿರುತ್ತವೆ. ಕೈತೋಟದ ಗೀಳಿರುವ ನಾವು ವಾಲಿದ ಸಸಿ ಕಂಡೊಡನೆ ಕುಂಡ ತಿರುಗಿಸಿಬಿಡುತ್ತೇವೆ. ಈ ವಾರ ತಿರುಗಿಸಬೇಡಿ, ಆ ಬಾಗನ್ನು ಕೂತು ನೋಡಿ.

ಮೊನ್ನೆ ಒಂದು ಚಟ್ಟಿಗೆ ಇಪ್ಪತ್ತು ಗೋಧಿಕಾಳು ಹಾಕಿ ಬೀರುವಿನೊಳಗೆ ಇಟ್ಟಿದ್ದೆ. ನಾಲ್ಕನೇ ದಿನ ಸೂಜಿಯಂಥ ಬಿಳಿ ಮೊಳಕೆಗಳು ಅಂಗುಲದೆತ್ತರ ಎದ್ದಿದ್ದವು. ಎಲೆ ಇನ್ನೂ ಒರೆಯೊಳಗೇ ಇತ್ತು. ಪ್ರಯೋಗಕ್ಕೆ ಇದೇ ಸರಿಯಾದ ಹೊತ್ತು; ಎಲೆ ಒರೆ ಸೀಳಿ ಬಂದರೆ ಆಟ ಮಂಕಾಗುತ್ತದೆ. ಹತ್ತು ಮೊಳಕೆಗಳ ತುದಿಗೆ ಚಾಕೊಲೇಟಿನ ಬೆಳ್ಳಿಕಾಗದ ಸುತ್ತಿ ಟೋಪಿ ತೊಡಿಸಿದೆ. ಉಸಿರು ಬಿಗಿಹಿಡಿದು ಮಾಡಬೇಕಾದ ಕೆಲಸ ಅದು. ಚಟ್ಟಿಯನ್ನು ಕಿಟಕಿಯಿಂದ ಮಾರು ದೂರ ಇಟ್ಟು, ಮಧ್ಯಾಹ್ನ ಊಟ ಮುಗಿಸಿ ಬಂದು ನೋಡಿದರೆ ಬರಿದಲೆಯವು ಹತ್ತೂ ಕಿಟಕಿಯತ್ತ ಬಾಗಿದ್ದವು. ಟೋಪಿಯವು ನೆಟ್ಟಗೆ ನಿಂತಿದ್ದವು.

ಚಾರ್ಲ್ಸ್ ಡಾರ್ವಿನ್ ಮತ್ತು ಮಗ ಫ್ರಾನ್ಸಿಸ್ ಕ್ಯಾನರಿ ಹುಲ್ಲಿನ ಮೊಳಕೆಗಳಿಗೆ ಹೀಗೇ ಟೋಪಿ ಹಾಕಿ, ಕಂಡದ್ದನ್ನು 1880ರಲ್ಲಿ ಪುಸ್ತಕವಾಗಿ ಪ್ರಕಟಿಸಿದರು. ಬೆಳಕನ್ನು ಅರಿಯುವುದು ತುದಿ, ಬಾಗುವುದು ಅದರ ಕೆಳಗಿನ ಭಾಗ. ಹಾಗಿದ್ದರೆ ತುದಿಯಿಂದ ಸುದ್ದಿ ಕೆಳಗಿಳಿಯುವುದು ಹೇಗೆ? ಡಚ್ ವಿಜ್ಞಾನಿ ಫ್ರಿಟ್ಸ್ ವೆಂಟ್ ಓಟ್ಸ್ ಮೊಳಕೆಯ ತುದಿ ಕತ್ತರಿಸಿ ಅಗರ್ ತುಣುಕಿನ ಮೇಲೆ ಇಟ್ಟ. ಅಗರ್ ಅಂದರೆ ನಮ್ಮ ಅಡುಗೆಮನೆಯ ಚೈನಾ ಗ್ರಾಸ್. ಆಮೇಲೆ ಆ ತುಣುಕನ್ನಷ್ಟೇ ತುದಿಯಿಲ್ಲದ ಇನ್ನೊಂದು ಮೊಳಕೆಯ ಒಂದು ಪಕ್ಕಕ್ಕೆ ಕೂರಿಸಿದ. ಕತ್ತಲಲ್ಲೇ ಅದು ಆಚೆ ಪಕ್ಕಕ್ಕೆ ಬಾಗಿತು! ತುದಿಯಿಂದ ಅಗರ್‌ಗೆ ಇಳಿದಿದ್ದ ಆ ಪದಾರ್ಥಕ್ಕೆ ಈಗ ಆಕ್ಸಿನ್ ಎಂಬ ಹೆಸರಿದೆ. ಇಡೀ ಸಸ್ಯಶಾಸ್ತ್ರದಲ್ಲಿ ಇದಕ್ಕಿಂತ ಅಚ್ಚುಕಟ್ಟಾದ ಪ್ರಯೋಗವನ್ನು ನಾನು ಓದಿಲ್ಲ.

ಬೆಳಕು ಒಂದೇ ಕಡೆಯಿಂದ ಬಿದ್ದಾಗ ಆಕ್ಸಿನ್ ನೆರಳಿನ ಪಕ್ಕಕ್ಕೆ ಸರಿಯುತ್ತದೆ. ಅಲ್ಲಿನ ಕೋಶಗಳು ಹೆಚ್ಚು ಉದ್ದವಾಗುತ್ತವೆ. ಬೆನ್ನು ಉದ್ದವಾದರೆ ಮುಂದಕ್ಕೆ ಬಾಗದೆ ವಿಧಿಯಿಲ್ಲ. ಬೆಳಕು ಎಳೆದುಕೊಂಡಿತು ಅನ್ನಿಸುವ ಈ ಬಾಗಿನ ದುಡಿಮೆಯೆಲ್ಲ ಬೆಳಕು ಕಡಿಮೆ ಬೀಳುವ ಬೆನ್ನಿನದು. ಇದಕ್ಕೆ ಬೇಕಾದದ್ದು ನೀಲಿ ಬೆಳಕು. ಕೆಂಪಿಗೆ ಮೊಳಕೆ ಹೆಚ್ಚುಕಡಿಮೆ ಕುರುಡು.

ಸಂಜೆ ಟೋಪಿಗಳನ್ನು ಮೆಲ್ಲಗೆ ಬಿಡಿಸಿದೆ. ಒಂದು ಮೊಳಕೆ ಕಾಗದದ ಜೊತೆಗೇ ಕಿತ್ತುಬಂತು. ಉಳಿದ ಒಂಬತ್ತು ಮರುದಿನ ಕಾಫಿಯ ಹೊತ್ತಿಗೆ ಕಿಟಕಿಯತ್ತ ಬಾಗತೊಡಗಿದ್ದವು.