ಕಥೆಯ ಮೌಲ್ವಿ ಮತ್ತು ಆ ಆರು ಗಂಟೆ

ನಾವು ಬರೆದ ಕಥೆಯೊಂದರ ಬಗ್ಗೆ ನಾವೇ ತಕರಾರು ಎತ್ತಬೇಕಾಗಿ ಬಂದಿದೆ. ಬರೆದವರೇ ತಮ್ಮ ಕಥೆಯ ವಿಮರ್ಶೆಗೆ ಇಳಿಯುವುದು ಒಳ್ಳೆಯ ರೂಢಿಯಲ್ಲ ಎಂಬುದು ಗೊತ್ತಿದ್ದೂ ಬರೆಯುತ್ತಿದ್ದೇವೆ. ಏಕೆಂದರೆ ಅಲ್ಲಿ ಆದ ತಪ್ಪು ನಮ್ಮೊಬ್ಬರದ್ದೇ ಅಲ್ಲ. ಮನುಷ್ಯ ಒಂದು ಕೆಲಸವನ್ನು ಏಕೆ ಮಾಡುತ್ತಾನೆ, ಏಕೆ ಮಾಡದೆ ಉಳಿಯುತ್ತಾನೆ ಎಂಬುದನ್ನು ನಮ್ಮ ಕಥೆ, ಸಿನಿಮಾ, ಭಾಷಣಗಳೆಲ್ಲ ಬಹಳ ಸುಲಭ ಮಾಡಿಬಿಟ್ಟಿವೆ.

ಕಥೆ ಇಷ್ಟು. ರಾಜಾಜಿನಗರದ ಕೈಗಾರಿಕಾ ಪ್ರದೇಶದಲ್ಲಿ ಲೇತ್ ಕೆಲಸ ಮಾಡಿ ನಿವೃತ್ತನಾದ ಮುದುಕನೊಬ್ಬ ತನ್ನ ಕಣ್ಣುಗಳನ್ನು ದಾನಕ್ಕೆ ಬರೆದುಕೊಟ್ಟಿರುತ್ತಾನೆ. ಅವನು ಸತ್ತ ದಿನ ಮೊಹಲ್ಲಾದ ಮೌಲ್ವಿ ಅಡ್ಡ ನಿಲ್ಲುತ್ತಾನೆ. ಮಗಳ ಅಳು ಯಾರಿಗೂ ಕೇಳುವುದಿಲ್ಲ. ಕಣ್ಣುಗಳು ಮಣ್ಣು ಸೇರುತ್ತವೆ. ಓದಿದವರು ಮೆಚ್ಚಿದರು. ಸಮುದಾಯದ ಒಳಗಿನಿಂದ ಬಂದ ದಿಟ್ಟ ದನಿ ಎಂದು ಹೊಗಳಿದವರೂ ಉಂಟು.

ನಡೆದದ್ದು ಬೇರೆ. ಆ ಮುದುಕ ನಮ್ಮ ಖಾಲೂ. ಬಸವೇಶ್ವರನಗರದ ಬಾಡಿಗೆ ಮನೆಯಲ್ಲಿ ಫಜರ್ ನಮಾಜಿಗೆ ಮೊದಲೇ ತೀರಿಕೊಂಡರು. ದಾನದ ಕಾರ್ಡು ಬೀರುವಿನಲ್ಲಿ ಬ್ಯಾಂಕಿನ ಪಾಸ್‌ಬುಕ್ಕಿನ ಒಳಗಿತ್ತು. ಅದು ಇರುವುದು ಖಾಲಾಗೆ ಗೊತ್ತಿತ್ತು, ಇಬ್ಬರು ಗಂಡುಮಕ್ಕಳಿಗೆ ಗೊತ್ತಿತ್ತು, ನಮಗೂ ಗೊತ್ತಿತ್ತು. ಕಫನ್ ತರುವವರು ಯಾರು, ಖಬರಸ್ತಾನಕ್ಕೆ ಹೇಳುವವರು ಯಾರು, ಊರಿನಿಂದ ಬರುವವರ ಬಸ್ಸು ಎಷ್ಟು ಹೊತ್ತಿಗೆ ಎಂಬುದೆಲ್ಲ ತಾನಾಗಿಯೇ ಹಂಚಿಕೆಯಾಯಿತು. ಕಣ್ಣಿನ ಬ್ಯಾಂಕಿಗೆ ಮಾತ್ರ ಯಾರೂ ಫೋನ್ ಮಾಡಲಿಲ್ಲ. ಮೌಲ್ವಿ ಸಾಹೇಬರು ಬಂದರು, ದುವಾ ಮಾಡಿದರು, ಹೋದರು. ಅವರನ್ನು ಯಾರೂ ಏನೂ ಕೇಳಲಿಲ್ಲ.

ಸತ್ತ ಆರು ಗಂಟೆಯೊಳಗೆ ಕಣ್ಣು ತೆಗೆಯಬೇಕು. ಕೆಲಸ ಇಪ್ಪತ್ತು ನಿಮಿಷದ್ದು, ಮುಖ ವಿಕಾರವಾಗುವುದಿಲ್ಲ. ಅಲ್ಲಿಯವರೆಗೆ ರೆಪ್ಪೆ ಮುಚ್ಚಿ ಮೇಲೆ ಒದ್ದೆ ಹತ್ತಿ ಇಡಬೇಕು, ತಲೆಯನ್ನು ಸ್ವಲ್ಪ ಎತ್ತರಿಸಬೇಕು, ಫ್ಯಾನು ನಿಲ್ಲಿಸಬೇಕು. ಆ ಮನೆಯಲ್ಲಿ ಫ್ಯಾನು ಮಧ್ಯಾಹ್ನದವರೆಗೂ ತಿರುಗುತ್ತಲೇ ಇತ್ತು.

ಮೂರನೆಯ ದಿನ ಖಾಲಾ ಕೇಳಿದರು: "ಆ ಕಣ್ಣಿನ ಕಾರ್ಡು ಏನಾಯ್ತು ಬೇಟಾ? ನೀನು ಓದಿದವನು, ನೀನೇ ಹೇಳ್ತೀಯ ಅಂದ್ಕೊಂಡಿದ್ದೆ." ಹಿರಿಯ ಮಗ ತಲೆ ತಗ್ಗಿಸಿ, "ಅಮ್ಮೀ ಬಾಯಿ ಬಿಡಲಿ ಅಂತ ನಾನು ಕಾಯ್ತಿದ್ದೆ" ಎಂದ. ನಾವು ಮಕ್ಕಳು ಹೇಳಲಿ ಎಂದು ಕಾಯುತ್ತಿದ್ದೆವು.

ಅಂಗದಾನದ ಬಗ್ಗೆ ಧಾರ್ಮಿಕ ಚರ್ಚೆ ಇಲ್ಲವೆಂದಲ್ಲ. 1988ರಲ್ಲಿ ಜಿದ್ದಾದಲ್ಲಿ ಸೇರಿದ ಅಂತರರಾಷ್ಟ್ರೀಯ ಫಿಕ್ಹ್ ಅಕಾಡೆಮಿ ಷರತ್ತುಗಳೊಂದಿಗೆ ಅದಕ್ಕೆ ಒಪ್ಪಿಗೆ ಕೊಟ್ಟಿದೆ. ನಮ್ಮ ಉಪಖಂಡದ ಉಲಮಾಗಳಲ್ಲಿ ಭಿನ್ನಾಭಿಪ್ರಾಯ ಉಳಿದಿದೆ. ಆದರೆ ಅಂದು ಬೆಳಿಗ್ಗೆ ಆ ಮನೆಯಲ್ಲಿ ಆ ಚರ್ಚೆ ನಡೆಯಲೇ ಇಲ್ಲ. ನಡೆಯದ ಚರ್ಚೆಯನ್ನು ನಡೆಸಿ, ಸುಮ್ಮನಿದ್ದ ಒಬ್ಬರ ಬಾಯಿಗೆ ಮಾತು ತುರುಕಿ, ನಾವು ತಪ್ಪಿಸಿಕೊಂಡೆವು. ಬಂಡಾಯದ ದಿನಗಳಿಂದ ನಮ್ಮ ಕಥೆಗಳಲ್ಲಿ ಮೌಲ್ವಿ ಅನೇಕ ಸಲ ನ್ಯಾಯವಾಗಿಯೇ ಕಟಕಟೆಗೆ ಬಂದಿದ್ದಾನೆ. ಈ ಸಲ ಅಲ್ಲಿ ನಿಲ್ಲಬೇಕಾದವರು ನಾವಾಗಿದ್ದೆವು.

1968ರಲ್ಲಿ ಡಾರ್ಲೆ ಮತ್ತು ಲಟಾನೆ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞರು ಒಂದು ಪ್ರಯೋಗ ಪ್ರಕಟಿಸಿದರು. ಬೇರೆ ಕೋಣೆಯಲ್ಲಿ ಒಬ್ಬನಿಗೆ ಮೂರ್ಛೆ ಬಂದ ಸದ್ದು ಕೇಳಿಸಿದಾಗ, ಕೇಳಿದವನು ತಾನೊಬ್ಬನೇ ಎಂದು ತಿಳಿದವರಲ್ಲಿ ನೂರಕ್ಕೆ 85 ಮಂದಿ ಆ ಮಾತು ಮುಗಿಯುವುದರೊಳಗೆ ನೆರವಿಗೆ ಎದ್ದರು. ಇನ್ನೂ ನಾಲ್ವರಿಗೆ ಕೇಳಿಸುತ್ತಿದೆ ಎಂದು ತಿಳಿದವರಲ್ಲಿ ಹಾಗೆ ಎದ್ದವರು ನೂರಕ್ಕೆ 31 ಮಂದಿ ಮಾತ್ರ. ಕೂತವರು ಕಟುಕರಾಗಿರಲಿಲ್ಲ. ಪ್ರಯೋಗ ಮುಗಿದಾಗ ಅವರ ಕೈಗಳು ನಡುಗುತ್ತಿದ್ದವು. ಖಾಲೂ ಮನೆಯಲ್ಲಿ ಇದ್ದವರೂ ಇಂಥವರೇ.

ಹಾಗಾದರೆ ಮನುಷ್ಯ ಯಾವುದರಿಂದ ಏಳುತ್ತಾನೆ? ಸ್ಫೂರ್ತಿಯಿಂದ ಎಂದು ನಮಗೆ ಹೇಳಿಕೊಡಲಾಗಿದೆ. ಇದಕ್ಕೆ ಕನ್ನಡದಲ್ಲಿ ಎಲ್ಲರೂ ಕೊಡುವ ಉದಾಹರಣೆ 1972ರ 'ಬಂಗಾರದ ಮನುಷ್ಯ'. ಟಿ.ಕೆ. ರಾಮರಾವ್ ಅವರ ಕಾದಂಬರಿಯನ್ನು ಸಿದ್ಧಲಿಂಗಯ್ಯ ತೆರೆಗೆ ತಂದ ಆ ಚಿತ್ರ ನೋಡಿ ಪಟ್ಟಣದ ವಿದ್ಯಾವಂತರು ಹಳ್ಳಿಗೆ ಮರಳಿ ನೇಗಿಲು ಹಿಡಿದರು ಎಂಬ ಮಾತನ್ನು ಐವತ್ತು ವರ್ಷಗಳಿಂದ ಕೇಳುತ್ತಿದ್ದೇವೆ. ಹೋದವರು ಇದ್ದಿರಬಹುದು. ಆದರೆ ಹೋದವರಿಗೆ ಊರಿನಲ್ಲಿ ಜಮೀನು ಇತ್ತು. ಅದೇ ಚಿತ್ರಕ್ಕೆ ಅಷ್ಟೇ ಕಣ್ಣೀರು ಹಾಕಿದ ಭೂಹೀನ ಮರುದಿನ ಮತ್ತೆ ಕಾರ್ಖಾನೆಯ ಪಾಳಿಗೇ ಹೋಗಬೇಕಾಯಿತು. ಗೇಣಿದಾರನನ್ನು ಎಬ್ಬಿಸಿದ್ದು ಸಿನಿಮಾಕ್ಕಿಂತ ಹೆಚ್ಚಾಗಿ 1974ರ ಭೂಸುಧಾರಣೆ ಮತ್ತು ಏಳನೇ ನಂಬರಿನ ಫಾರಂ. ಉಳುವ ಹೊಲ ತನ್ನದಾಗಲಿ ಎಂಬ ಆಸೆ ಅವನಿಗೆ ಹೊಸದಾಗಿರಲಿಲ್ಲ. ಆಸೆಯನ್ನು ಬರೆದುಕೊಡಲು ಒಂದು ಕಾಗದ, ಕೊಡಲು ಒಂದು ಕಚೇರಿ ಹೊಸದಾಗಿ ಸಿಕ್ಕವು.

ಚಿತ್ರವನ್ನೇ ಸರಿಯಾಗಿ ನೋಡಿದರೆ ಅದೂ ಸ್ಫೂರ್ತಿಯ ಪರವಾಗಿ ಸಾಕ್ಷಿ ಹೇಳುವುದಿಲ್ಲ. ರಾಜೀವ ಯಾರ ಭಾಷಣ ಕೇಳಿಯೂ ಬೇಸಾಯಕ್ಕೆ ಇಳಿದವನಲ್ಲ. ಭಾವ ತೀರಿಕೊಂಡಿದ್ದಾನೆ, ಅಕ್ಕ ಮತ್ತು ಮಕ್ಕಳು ಕಣ್ಣೆದುರಿಗಿದ್ದಾರೆ, ಹೊರಲು ಬೇರೆ ಹೆಗಲಿಲ್ಲ. ಕೊನೆಗೆ ತಾನು ಸಾಕಿದ ಅಕ್ಕನ ಮಗನೇ ಶಂಕಿಸಿದಾಗ ಅರ್ಧ ಊಟದಲ್ಲಿ ಎದ್ದು ಹೋಗುತ್ತಾನೆ. ದುಡಿದರೆ ಫಲ ಸಿಗುತ್ತದೆ ಎಂದು ಹೇಳುವ ಚಿತ್ರವಾಗಿದ್ದರೆ ಅದು ಹೀಗೆ ಮುಗಿಯುತ್ತಿರಲಿಲ್ಲ. ರಾಜೀವ ನಮಗೆ ಮುಖ್ಯನಾಗುವುದು ಈ ಕಾರಣಕ್ಕೆ: ಎಲ್ಲರೂ ನೋಡುತ್ತಾ ನಿಂತಿದ್ದಾಗ ಇದು ತನ್ನ ಕೆಲಸ ಎಂದುಕೊಂಡವನು ಅವನು.

ಆ ಪಾತ್ರ ಮಾಡಿದ ರಾಜಕುಮಾರ್ ಅವರ ಬದುಕಿನಲ್ಲೂ ಇದಕ್ಕೆ ಹತ್ತಿರದ ಸಂಗತಿಯೊಂದಿದೆ, ಅದೂ ಖಾಲೂ ಮನೆಗೆ ದೂರವಲ್ಲದ ಜಾಗದಲ್ಲಿ. ರಾಜಾಜಿನಗರದ ಕಾರ್ಡ್ ರಸ್ತೆಯ ನಾರಾಯಣ ನೇತ್ರಾಲಯದಲ್ಲಿ 1994ರಲ್ಲಿ ಅವರ ಹೆಸರಿನ ಕಣ್ಣಿನ ಬ್ಯಾಂಕು ಆರಂಭವಾಯಿತು. ಅವರು ತಮ್ಮ ಮನೆಯವರ ಕಣ್ಣುಗಳನ್ನೂ ದಾನಕ್ಕೆ ನುಡಿದರು. 2006ರ ಏಪ್ರಿಲ್ 12ರಂದು ಅವರು ತೀರಿಕೊಂಡಾಗ, 2017ರಲ್ಲಿ ಪಾರ್ವತಮ್ಮನವರು ತೀರಿಕೊಂಡಾಗ, 2021ರ ಅಕ್ಟೋಬರ್ 29ರಂದು ಪುನೀತ್ ಹಠಾತ್ತನೆ ಹೋದಾಗ ಆ ಮನೆ ಮಾತು ಉಳಿಸಿಕೊಂಡಿತು. ಆ ಗಳಿಗೆಯಲ್ಲಿ ಏನು ಮಾಡಬೇಕೆಂಬುದು ಆ ಮನೆಯಲ್ಲಿ ಮೊದಲೇ ತೀರ್ಮಾನವಾಗಿತ್ತು.

ಪುನೀತ್ ಅವರ ಎರಡು ಕಣ್ಣುಗಳ ಕಾರ್ನಿಯಾಗಳನ್ನು ಮುಂದಿನ ಪದರ, ಹಿಂದಿನ ಪದರ ಎಂದು ಬೇರ್ಪಡಿಸಿ ನಾಲ್ವರಿಗೆ ದೃಷ್ಟಿ ಕೊಟ್ಟರು. ಸುದ್ದಿ ಹರಡಿದ ಮೇಲಿನ ವಾರಗಳಲ್ಲಿ ಕಣ್ಣು ಕೊಡುತ್ತೇವೆಂದು ಬಂದವರ ಸಂಖ್ಯೆ ಹಿಂದೆಂದೂ ಕಾಣದಷ್ಟಾಯಿತು. ಇದೇ ಊರು 2006ರಲ್ಲಿ ರಾಜಕುಮಾರ್ ಹೋದಾಗ ಬಸ್ಸು ಸುಟ್ಟಿತ್ತು, ಅಂಗಡಿಗಳಿಗೆ ಕಲ್ಲು ಹೊಡೆದಿತ್ತು. ಪೊಲೀಸ್ ಪೇದೆಯೊಬ್ಬರೂ ಸೇರಿ ಹಲವರು ಸತ್ತಿದ್ದರು. ದುಃಖ ಎರಡು ಸಲವೂ ನಿಜವಾದದ್ದೇ. ಮೊದಲ ಸಲ ಮರುದಿನವೇ ಅಂತ್ಯಕ್ರಿಯೆ ನಡೆದುಹೋಯಿತು. ಎರಡನೆಯ ಸಲ ಎರಡು ದಿನ ಕಂಠೀರವ ಕ್ರೀಡಾಂಗಣದಲ್ಲಿ ಸಾಲು ನಿಲ್ಲಲು ಜಾಗವಿತ್ತು, ಆಮೇಲೆ ಹೋಗಲು ಒಂದು ವಿಳಾಸವಿತ್ತು. ವ್ಯತ್ಯಾಸಕ್ಕೆ ಇದೊಂದೇ ಕಾರಣ ಎನ್ನಲಾರೆವು. ಆದರೆ ದುಃಖ ತಾನಾಗಿಯೇ ಒಳ್ಳೆಯ ಕೆಲಸವಾಗುವುದಿಲ್ಲ ಎಂಬುದಂತೂ ಸ್ಪಷ್ಟ. 2021ರಲ್ಲೂ ಕೆಲವು ಅಭಿಮಾನಿಗಳು ಪ್ರಾಣ ಕಳೆದುಕೊಂಡರು. ಹಾಗೆ ಮಾಡಬೇಡಿ ಎಂದು ನೊಂದ ಕುಟುಂಬವೇ ಬೇಡಿಕೊಳ್ಳಬೇಕಾಯಿತು. ಸ್ಫೂರ್ತಿಯನ್ನು ಹೊಗಳುವವರು ಇದನ್ನೂ ಲೆಕ್ಕಕ್ಕೆ ಹಿಡಿಯಬೇಕು.

1965ರಲ್ಲಿ ಲೆವೆಂಥಾಲ್ ಮತ್ತು ಸಂಗಡಿಗರು ಯೇಲ್ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳಿಗೆ ಧನುರ್ವಾಯು ಚುಚ್ಚುಮದ್ದಿನ ಬಗ್ಗೆ ಕಿರುಹೊತ್ತಗೆ ಹಂಚಿದರು. ಓದಿದವರಲ್ಲಿ ಭಯ ಹುಟ್ಟಿತು, ಅಭಿಪ್ರಾಯ ಬದಲಾಯಿತು. ಚುಚ್ಚಿಸಿಕೊಂಡವರು ಮಾತ್ರ ನೂರಕ್ಕೆ ಮೂರು. ಆರೋಗ್ಯ ಕೇಂದ್ರವನ್ನು ಗುರುತಿಸಿದ ನಕ್ಷೆ ಕೊಟ್ಟು, ಯಾವಾಗ ಹೋಗುತ್ತೀರಿ ಎಂದು ಯೋಚಿಸಲು ಹೇಳಿದಾಗ ಅದು 28ಕ್ಕೆ ಏರಿತು. ಕೇಂದ್ರ ಎಲ್ಲಿದೆ ಎಂಬುದು ಆ ಹುಡುಗರಿಗೆ ಮೊದಲೇ ಗೊತ್ತಿತ್ತು. ಗೊತ್ತಿರುವುದಕ್ಕೂ ಹೊರಡುವುದಕ್ಕೂ ನಡುವೆ ಒಂದು ಹೊಸ್ತಿಲು ಇರುತ್ತದೆ. ಅದನ್ನು ದಾಟಿಸುವುದು ಉಪದೇಶವಲ್ಲ.

ಉರ್ದು ಶಾಲೆಯಲ್ಲಿ ನಮಗೆ ಕಲಿಸಿದ 'ನೀಯತ್' ಎಂದರೆ ಮನಸ್ಸಿನೊಳಗಿನ ಸಂಕಲ್ಪ. ಅದೇ ಪದ ಕನ್ನಡಕ್ಕೆ ಬಂದು 'ನಿಯತ್ತು' ಆಯಿತು. ಇಲ್ಲಿ ಅದರ ಅರ್ಥ ಪ್ರಾಮಾಣಿಕತೆ, ನಡೆದು ತೋರಿಸುವ ಗುಣ. ಖಾಲೂ ಮನೆಯಲ್ಲಿ ಅಂದು ನೀಯತ್ತಿಗೆ ಕೊರತೆ ಇರಲಿಲ್ಲ. ನಿಯತ್ತು ಇರಲಿಲ್ಲ. ಎರಡೂ ಭಾಷೆಯಲ್ಲಿ ಓದಿದ ನಮಗೆ ಈ ದೂರ ಕಾಣಬೇಕಿತ್ತು. ಕಥೆಯಲ್ಲಿ ಅದನ್ನು ಮೌಲ್ವಿಯ ಗಡ್ಡದ ಹಿಂದೆ ಬಚ್ಚಿಟ್ಟೆವು.

ಆ ಕಥೆಯನ್ನು ಮುಂದಿನ ಸಂಕಲನಕ್ಕೆ ಸೇರಿಸುವುದಿಲ್ಲ. ಮತ್ತೆ ಬರೆದರೆ ಅದರಲ್ಲಿ ಖಳನಾಯಕ ಇರುವುದಿಲ್ಲ. ಒಳ್ಳೆಯವರೇ ತುಂಬಿದ ಒಂದು ಕೋಣೆ ಇರುತ್ತದೆ, ತಿರುಗುವ ಫ್ಯಾನು ಇರುತ್ತದೆ. ಬರೆಯಲು ಅದು ಕಷ್ಟ, ಓದಲೂ ಕಷ್ಟ. ಈಗ ನಮ್ಮ ಕಾರ್ಡು ಬೀರುವಿನಲ್ಲಿಲ್ಲ. ಬಾಗಿಲ ಬಳಿ ಗೋಡೆಗೆ ಅಂಟಿಸಿದ್ದೇವೆ, ಕೆಳಗೆ ಫೋನ್ ನಂಬರ್ ಇದೆ. ನಾವು ಸತ್ತಾಗ ಆ ನಂಬರಿಗೆ ಫೋನ್ ಮಾಡಬೇಕಾದವಳು ಕಿರಿಯ ಮಗಳು ಎಂದು ಮನೆಯಲ್ಲಿ ಎಲ್ಲರ ಎದುರಿಗೆ ಹೇಳಿದ್ದೇವೆ. ಅವಳು ಮೊದಲು ಅತ್ತಳು. ಆಮೇಲೆ, "ಫ್ಯಾನು ಯಾರು ಆಫ್ ಮಾಡೋದು ಅಬ್ಬಾ?" ಎಂದು ಕೇಳಿದಳು. ಅದೂ ನೀನೇ ಎಂದೆವು.