ಕಬ್ಬಿಣ ಬೇಡಿದವನ ಮೆರವಣಿಗೆ

ಜನವರಿಯ ಬನದ ಹುಣ್ಣಿಮೆ ಹತ್ತಿರವಾದಂತೆ ಬೆಳಕವಾಡಿ ಸೀಮೆಯಲ್ಲಿ ಜಾತ್ರೆಯ ಮಾತು ಶುರುವಾಗುತ್ತದೆ. ಬೊಪ್ಪೇಗೌಡನಪುರದ ಮಂಟೇಸ್ವಾಮಿ ಮಠದಿಂದ ಬಸವ, ಕಂಡಾಯಗಳು ಹೊರಟು ಕಾವೇರಿಯಾಚೆಯ ಚಿಕ್ಕಲ್ಲೂರಿಗೆ ಹೋಗುತ್ತವೆ. ಸಾಹಿತ್ಯದ ವಿದ್ಯಾರ್ಥಿಗಳಾದ ನಾವು ಮಂಟೇಸ್ವಾಮಿ ಕಾವ್ಯವನ್ನು ಓದುವುದು ಮಾತ್ರ ಹಿ.ಚಿ. ಬೋರಲಿಂಗಯ್ಯನವರು ಸಂಪಾದಿಸಿದ ದಪ್ಪ ಪುಸ್ತಕದಲ್ಲಿ. ಆ ಪುಸ್ತಕದ ಋಣ ದೊಡ್ಡದು. ಆದರೂ ಮೆರವಣಿಗೆಯನ್ನು ಬಿಟ್ಟು ಓದಿದರೆ ಕಾವ್ಯದ ಅರ್ಧ ಕೈತಪ್ಪುತ್ತದೆ ಎಂಬುದು ನನ್ನ ತಕರಾರು.

ತರಗತಿಗಳಲ್ಲಿ ಎಲ್ಲರೂ ಕಲ್ಯಾಣದ ಬಾಗಿಲಲ್ಲೇ ನಿಂತುಬಿಡುತ್ತೇವೆ. ಮಂಟೇಸ್ವಾಮಿ ಹೇಸುವಂಥ ವೇಷದಲ್ಲಿ ಬಂದು ಶರಣರನ್ನು ಪರೀಕ್ಷಿಸುವ ಭಾಗ ಪ್ರಬಂಧಕ್ಕೆ ಚೆನ್ನಾಗಿ ಒಗ್ಗುತ್ತದೆ. ‘ಪ್ರತಿಸಂಸ್ಕೃತಿ’ ಎಂದು ಬರೆದರೆ ಅಂಕವೂ ಸಿಗುತ್ತದೆ. ನನಗೆ ಅದಕ್ಕಿಂತ ಕಠಿಣವಾಗಿ ಕಂಡಿರುವುದು ಹಲಗೂರಿನ ಭಾಗ. ನಿಡುಘಟ್ಟದ ಆಚಾರಿ ಮನೆಯ ಹುಡುಗ ಕೆಂಪಾಚಾರಿಯನ್ನು ಹೆತ್ತವರು ಒಲ್ಲೆವೆಂದರೂ ಗುರು ಬಿಡದೆ ಶಿಷ್ಯನನ್ನಾಗಿ ಪಡೆಯುತ್ತಾನೆ. ಅವನೇ ಸಿದ್ದಪ್ಪಾಜಿ. ಆಮೇಲೆ ಅವನನ್ನು ಹಲಗೂರಿನ ಪಾಂಚಾಳರ ಬಳಿಗೆ ಕಬ್ಬಿಣದ ಭಿಕ್ಷೆಗೆ ಕಳಿಸುತ್ತಾನೆ. ಅಂದರೆ ತನ್ನ ಕುಲದವರ ಕುಲುಮೆಯ ಮುಂದೆಯೇ ಕೈಯೊಡ್ಡಬೇಕು. ಅವರು ಸುಲಭಕ್ಕೆ ಕೊಡುವುದಿಲ್ಲ. ಹೊರಗಿನವನಿಗೆ ಇಲ್ಲವೆನ್ನುವುದು ಬೇರೆ, ಮನೆಬಿಟ್ಟು ಹೋದ ಮಗನಿಗೆ ಇಲ್ಲವೆನ್ನುವುದು ಬೇರೆ.

ಪುಸ್ತಕದಲ್ಲಿ ಇದು ಪವಾಡವಾಗಿ ಮುಗಿಯುತ್ತದೆ. ದಾರಿಯಲ್ಲಿ ಹಾಗಲ್ಲ. ಹಲಗೂರು, ನಿಡುಘಟ್ಟ ಇಲ್ಲಿಯವರಿಗೆ ಬಸ್ಸಿನ ಬೋರ್ಡಿನ ಮೇಲಿರುವ ಊರುಗಳು. ಲೋಹಕ್ಕಾಗಿ ಅಲೆದವನ ಗುರುತಾಗಿ ಲೋಹದ ಕಂಡಾಯವೇ ಹೆಗಲೇರಿ ಬರುತ್ತದೆ. ಪಕ್ಕದಲ್ಲಿ ನೀಲಗಾರರ ತಂಬೂರಿ, ಡಕ್ಕೆ, ಗಗ್ಗರ. ನೋಡುವವರಿಗೆ ವಿವರಣೆ ಬೇಕಿಲ್ಲ.

ಇಂಥದ್ದನ್ನು ಕಂಡ ಕೂಡಲೇ ಬಖ್ತಿನ್‌ನ ‘ಕಾರ್ನಿವಲ್’ ನೆನಪಾಗುವುದು ನಮ್ಮ ಚಟ (ನನ್ನದೂ). 1965ರಲ್ಲಿ ಬಂದ ರಾಬೆಲೇ ಕುರಿತ ಪುಸ್ತಕದಲ್ಲಿ ಅವನು ಹಬ್ಬದ ಹೊತ್ತಿಗೆ ಮೇಲು ಕೀಳು ಅದಲುಬದಲಾಗುವುದನ್ನು ವರ್ಣಿಸಿದ. ಚಿಕ್ಕಲ್ಲೂರಿನ ಪಂಕ್ತಿ ಸೇವೆಗೆ ಆ ಮಾತು ಅರ್ಧ ಮಾತ್ರ ಹೊಂದುತ್ತದೆ. ಅಲ್ಲಿ ಯಾರೂ ವೇಷ ಹಾಕಿ ರಾಜನನ್ನು ಅಣಕಿಸುವುದಿಲ್ಲ. ಬಿಡಾರ ಹೂಡಿ, ಬಾಡು ಬೇಯಿಸಿ, ಜಾತಿ ಕೇಳದೆ ಸಾಲಾಗಿ ಕೂತು ಉಣ್ಣುತ್ತಾರೆ. ಮಾರನೆಯ ದಿನ ಅವರವರ ಕೇರಿಗೆ ಹಿಂದಿರುಗುತ್ತಾರೆ ಎಂಬುದೂ ನಿಜ. ಅದನ್ನು ಮರೆತು ಸಂಭ್ರಮಿಸುವ ವಿಮರ್ಶೆ ನನಗೆ ಹಿಡಿಸದು.

ಆದರೆ ಆ ಒಂದು ಊಟವೂ ಈಗ ತಕರಾರಿನಲ್ಲಿದೆ. 1959ರ ಪ್ರಾಣಿಬಲಿ ತಡೆ ಕಾಯಿದೆಯ ಹೆಸರಿನಲ್ಲಿ ಚೆಕ್‌ಪೋಸ್ಟುಗಳು ಬಂದಿವೆ. ಇದು ಬಲಿಯಲ್ಲ, ಊಟ ಎಂಬುದು ಒಕ್ಕಲಿನವರ ವಾದ. ಕಾವ್ಯ ಬಲ್ಲ ನಾವು ಇಲ್ಲಿ ಏನಾದರೂ ಹೇಳಬೇಕಿತ್ತು, ಏಕೆಂದರೆ ಬಲಿಗೂ ಪಂಕ್ತಿಗೂ ಇರುವ ವ್ಯತ್ಯಾಸ ಪಠ್ಯವನ್ನು ಓದುವ ಪ್ರಶ್ನೆಯೂ ಹೌದು. ನಾವು ಕಲ್ಯಾಣದ ಬಾಗಿಲಲ್ಲೇ ಇದ್ದೇವೆ.

ಹುಣ್ಣಿಮೆಯ ರಾತ್ರಿ ಚಂದ್ರಮಂಡಲಕ್ಕೆ ಬೆಂಕಿ ಇಡುತ್ತಾರೆ. ಉರಿ ಯಾವ ದಿಕ್ಕಿಗೆ ವಾಲುತ್ತದೋ ಆ ಸೀಮೆಗೆ ಆ ವರ್ಷ ಮಳೆ ಬೆಳೆ ಎಂದು ನಂಬಿಕೆ. ಸೇರಿದ ಅಷ್ಟೂ ಜನ ಅದನ್ನು ಓದುತ್ತಾ ನಿಂತಿರುತ್ತಾರೆ.